ಕೆಳಮನೆಯ ಒಳಕೋಣೆಗೆ ಕರೆ ತಲುಪಬೇಕಾದರೆ

ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬನಶಂಕರಿಯಂಥ ಬಡಾವಣೆಗಳಲ್ಲಿ 30×40 ಅಡಿ ನಿವೇಶನದ ಮೇಲೆ ಮೂರಂತಸ್ತು ಎಬ್ಬಿಸಿದ ಮನೆಗಳಲ್ಲಿ ಸಾಮಾನ್ಯವಾಗಿ ಮಕ್ಕಳ ಸಂಸಾರ ಮೇಲಿನ ಮಹಡಿಯಲ್ಲಿರುತ್ತದೆ, ಮೆಟ್ಟಿಲು ಹತ್ತಲಾಗದ ಹಿರಿಯರು ಕೆಳಮನೆಯಲ್ಲಿರುತ್ತಾರೆ. ನಮ್ಮ ಮನೆಯ ಏರ್ಪಾಡೂ ಇದೇ. ಮೊಬೈಲ್ ಸಿಗ್ನಲ್ಲಾದರೋ ತಾರಸಿಯಲ್ಲಿ ಧಾರಾಳವಾಗಿ, ಮೊದಲ ಮಹಡಿಯಲ್ಲಿ ಸಾಕಷ್ಟು, ಕೆಳಗಿನ ಒಳಕೋಣೆಯಲ್ಲಿ ಇಲ್ಲವೆನ್ನುವಷ್ಟು ಸಿಗುತ್ತದೆ. ಯಾರಿಗೆ ಫೋನಿನ ಅಗತ್ಯ ಹೆಚ್ಚೋ ಅವರಿಗೇ ಕರೆ ತಲುಪುವುದಿಲ್ಲ. ಕಚೇರಿಯಿಂದ ಅಮ್ಮನಿಗೆ ಕರೆ ಮಾಡಿದಾಗ ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿ ಕೇಳಿ ಆತಂಕಪಟ್ಟವರು ನಾನೊಬ್ಬಳೇ ಅಲ್ಲವೆಂದು ಬಲ್ಲೆ. ಆದ್ದರಿಂದ ಈ ಬಗ್ಗೆ ತಿಳಿದುಕೊಂಡದ್ದನ್ನೂ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಟವರ್ ಹತ್ತಿರದಲ್ಲೇ ಇದ್ದರೂ ಹೀಗಾಗುವುದಕ್ಕೆ ಕಾರಣ ನಮ್ಮ ಕಟ್ಟಡಗಳೇ. ಅಕ್ಕಪಕ್ಕದ ಮನೆಗಳ ಗೋಡೆಗಳ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗವೂ ಇಲ್ಲದ ಕಡೆ, ಯಾವುದೋ ತಾರಸಿಯ ಆಂಟೆನಾದಿಂದ ಹೊರಟ ತರಂಗವು ಕಬ್ಬಿಣದ ಸರಳುಗಳಿರುವ ಆರ್‌ಸಿಸಿ ಛಾವಣಿಗಳನ್ನೂ ನೆರೆಮನೆಯ ಗೋಡೆಗಳನ್ನೂ ದಾಟಿ ಕೆಳಗಿಳಿಯುವಷ್ಟರಲ್ಲಿ ಸೊರಗಿಹೋಗುತ್ತದೆ. ತರಂಗದ ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಶಕ್ತಿ ಕುಗ್ಗುತ್ತದೆ. 700, 850 ಅಥವಾ 900 ಮೆಗಾಹರ್ಟ್ಸ್‌ನ ಸಿಗ್ನಲ್ ಒಳಕೋಣೆಗೆ ಬರುವಷ್ಟು ಸುಲಭವಾಗಿ 2300 ಮೆಗಾಹರ್ಟ್ಸ್‌ನ 4ಜಿಯಾಗಲಿ, 3300 ಮೆಗಾಹರ್ಟ್ಸ್‌ನ ಆಸುಪಾಸಿನ 5ಜಿಯಾಗಲಿ ಬರುವುದಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಅಳೆದು ನೋಡುವುದು ಒಳ್ಳೆಯದು. ಪರದೆಯ ಮೇಲಿನ ಕಡ್ಡಿಗಳನ್ನು ಪ್ರತಿ ಕಂಪನಿಯೂ ತನ್ನದೇ ಲೆಕ್ಕದಲ್ಲಿ ತೋರಿಸುವುದರಿಂದ ಅವನ್ನು ನಂಬುವಂತಿಲ್ಲ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಎಂಬಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲ ಡಿಬಿಎಂ (dBm) ಎಂಬ ಅಳತೆಯಲ್ಲಿ ಕಾಣುತ್ತದೆ. ಐಫೋನ್‌ನಲ್ಲಿ *3001#12345# ಎಂದು ಒತ್ತಿ ಕೊನೆಗೆ ಇನ್ನೊಂದು * ಸೇರಿಸಿ ಕರೆ ಮಾಡಬೇಕು. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆಯೆಂದೂ, ಮೈನಸ್ 105 ದಾಟಿದರೆ ದುರ್ಬಲವೆಂದೂ, ಮೈನಸ್ 120ರ ಹತ್ತಿರ ಬಂದರೆ ಕರೆ ನಿಲ್ಲುವುದಿಲ್ಲವೆಂದೂ ತಿಳಿಯಬಹುದು. ಹತ್ತು ಅಂಕ ಇಳಿದರೆ ಬಲ ಹತ್ತನೇ ಒಂದು ಭಾಗವಾಗುತ್ತದೆ. ನಮ್ಮ ತಾರಸಿಯಲ್ಲಿ ಮೈನಸ್ 84 ಇದ್ದದ್ದು ಅಮ್ಮನ ಕೋಣೆಯಲ್ಲಿ ಮೈನಸ್ 115 ಆಗಿತ್ತು, ಎಂದರೆ ಅಲ್ಲಿಗೆ ತಲುಪುತ್ತಿದ್ದದ್ದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಂಥ ಸ್ಥಿತಿಯಲ್ಲಿ ಹಲವರು ಹುಡುಕಿ ಹೋಗುವುದು ಸಿಗ್ನಲ್ ಬೂಸ್ಟರನ್ನು. ದಯವಿಟ್ಟು ಅದನ್ನು ಕೊಳ್ಳಬೇಡಿ. ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಬಿಟ್ಟು ಖಾಸಗಿಯವರು ಅದನ್ನು ಮಾರುವುದೂ ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ ಸ್ಪಷ್ಟವಾಗಿ ಹೇಳಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಅದು ಸಿಗ್ನಲ್ಲಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಟವರಿನತ್ತ ಕಳಿಸುವುದರಿಂದ ಇಡೀ ಬೀದಿಯವರ ಕರೆಗಳು ಕೆಡುತ್ತವೆ. ನಮ್ಮ ಮನೆಯ ಅನುಕೂಲಕ್ಕಾಗಿ ಪಕ್ಕದ ಮನೆಯವರು ಆಂಬುಲೆನ್ಸ್ ಕರೆಯಲಾಗದಂತೆ ಮಾಡುವುದು ನ್ಯಾಯವಲ್ಲ.

ನಿಜವಾದ ಪರಿಹಾರ ನಮ್ಮ ಫೋನುಗಳಲ್ಲೇ ಇದೆ, ಅದು ವೈ-ಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಆರಂಭಿಸಿದವು. ಕರೆಯು ಗಾಳಿಯಲ್ಲಿ ಟವರಿನಿಂದ ಬರುವ ಬದಲು ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಕಂಪನಿಯ ಜಾಲದಿಂದ ನೇರವಾಗಿ ಬರುತ್ತದೆ. ಅದೇ ಸಂಖ್ಯೆ, ಅದೇ ಪ್ಲಾನ್. ಪ್ರತ್ಯೇಕ ಶುಲ್ಕವಿಲ್ಲ, ಆ ತುದಿಯಲ್ಲಿರುವವರಿಗೆ ಯಾವ ಆ್ಯಪ್ ಕೂಡ ಬೇಕಿಲ್ಲ. ವಾಟ್ಸ್‌ಆ್ಯಪ್ ಕರೆ ಇದೆಯಲ್ಲ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಬ್ಯಾಂಕಿನವರೂ, ಆಸ್ಪತ್ರೆಯವರೂ, ಗ್ಯಾಸ್ ಸಿಲಿಂಡರ್ ತರುವವರೂ ಕರೆಯುವುದು ಮಾಮೂಲಿ ಸಂಖ್ಯೆಗೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಚಾಲೂ ಮಾಡಬೇಕು. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ. ಕೆಲವು ಫೋನ್‌ಗಳಲ್ಲಿ ‘ವೈ-ಫೈಗೆ ಆದ್ಯತೆ’ ಎಂಬ ಆಯ್ಕೆಯೂ ಇರುತ್ತದೆ, ಕೆಳಮನೆಯವರ ಫೋನ್‌ನಲ್ಲಿ ಅದನ್ನೇ ಆರಿಸಿ. ಇಲ್ಲವಾದರೆ ಫೋನು ಮಿಣುಕುತ್ತಿರುವ ಸಿಗ್ನಲ್ಲಿಗೇ ಅಂಟಿಕೊಂಡು ಬ್ಯಾಟರಿಯನ್ನೂ ಕರಗಿಸುತ್ತದೆ. ಏರೋಪ್ಲೇನ್ ಮೋಡ್ ಹಾಕಿ ವೈ-ಫೈ ಮಾತ್ರ ಉಳಿಸುವ ಉಪಾಯವನ್ನು ನಾನು ಹಿರಿಯರ ಫೋನಿಗೆ ಒಪ್ಪುವುದಿಲ್ಲ. ವೈ-ಫೈ ನಿಂತ ಗಳಿಗೆಯಲ್ಲಿ ಅವರಿಗೆ ಯಾವ ದಾರಿಯೂ ಉಳಿಯುವುದಿಲ್ಲ.

ಆದರೆ ರೂಟರ್ ಮೇಲಿನ ಹಾಲ್‌ನಲ್ಲಿದ್ದರೆ ವೈ-ಫೈಗೂ ಅದೇ ಛಾವಣಿ ಅಡ್ಡಬರುತ್ತದೆ. ಮೇಲಿನಿಂದ ಒಂದು ಲ್ಯಾನ್ ಕೇಬಲ್ ಇಳಿಸಿ ಕೆಳಮನೆಯಲ್ಲಿ ಎರಡನೆಯ ರೂಟರ್ ಇಡುವುದೇ ಎಲ್ಲಕ್ಕಿಂತ ಖಚಿತವಾದ ಮಾರ್ಗ. ಮಾತಿಗೆ ವೇಗ ಹೆಚ್ಚು ಬೇಕಿಲ್ಲ. 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಗೋಡೆಗಳನ್ನು ಚೆನ್ನಾಗಿ ದಾಟುವುದರಿಂದ ಅಮ್ಮನ ಫೋನನ್ನು ಅದಕ್ಕೇ ಜೋಡಿಸಿದ್ದೇವೆ.

ಇನ್ನು ಕರೆಂಟ್. ಹಿಂದಿನ ತಾಮ್ರತಂತಿಯ ಲ್ಯಾಂಡ್‌ಲೈನ್‌ಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯ ದೀಪ ಆರಿದರೂ ಫೋನ್ ಬದುಕಿರುತ್ತಿತ್ತು. ಈಗ ಮುಂಗಾರಿನ ಮೊದಲ ಗಾಳಿಮಳೆಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ರೂಟರ್ ನಿಲ್ಲುತ್ತದೆ, ಅದರೊಂದಿಗೆ ಕರೆಯೂ. ಮನೆಯಲ್ಲಿ ಯುಪಿಎಸ್ ಇದ್ದರೆ ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನೂ ಎರಡೂ ರೂಟರ್‌ಗಳನ್ನೂ ಅದರ ಲೈನಿಗೆ ಸೇರಿಸಿ. ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಳ್ಳಿ. ಇದನ್ನು ಐಚ್ಛಿಕ ಖರ್ಚೆಂದು ನಾನು ಎಣಿಸುವುದಿಲ್ಲ.

ಬ್ರಾಡ್‌ಬ್ಯಾಂಡ್ ಇಲ್ಲದ ಮನೆಯವರು ಬೇರೆ ಬೇರೆ ಕಂಪನಿಗಳ ಸಿಮ್ ಇರುವ ನೆಂಟರ ಫೋನುಗಳನ್ನು ಅದೇ ಕೋಣೆಯಲ್ಲಿಟ್ಟು ಹೋಲಿಸಿ ನೋಡಬಹುದು. ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ಸುತ್ತಮುತ್ತ ಯಾರ ಟವರ್‌ಗಳಿವೆಯೆಂಬುದು ತಿಳಿಯುತ್ತದೆ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವುದೇ ಸರಿಯೆನಿಸಿದರೆ ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಕಳಿಸಬೇಕು. ದೂರು ಕೊಡುವವರು 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಮುಂದೆ ಮೇಲ್ಮನವಿಗೆ ಹೋಗಬೇಕಾದರೆ ಅದೇ ಆಧಾರ.

ಹೊಸ ಅಪಾರ್ಟ್‌ಮೆಂಟ್ ನೋಡುತ್ತಿರುವವರಿಗೆ ಒಂದು ಮಾತು. ಅಲ್ಯೂಮಿನಿಯಂ ಅಚ್ಚುಗಳಲ್ಲಿ ಕಾಂಕ್ರೀಟ್ ಸುರಿದು ಗೋಡೆ ಎಬ್ಬಿಸುವ ಮೈವಾನ್ ಪದ್ಧತಿಯಲ್ಲಿ ಕಟ್ಟಿದ ಮನೆಗಳಲ್ಲಿ ಒಳಗೋಡೆಗಳೂ ಕಾಂಕ್ರೀಟೇ ಆಗಿರುವುದರಿಂದ ಈ ತೊಂದರೆ ಅಲ್ಲಿ ಇನ್ನೂ ಹೆಚ್ಚು. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಸ್ಟಾರ್ ರೇಟಿಂಗ್ ಕೊಡುವ ನಿಯಮಗಳನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ಮುಂಗಡ ಕೊಡುವ ಮೊದಲು ಆ ರೇಟಿಂಗ್ ಇದೆಯೇ, ಕಟ್ಟಡದೊಳಗೆ ಆಂಟೆನಾ ಹಾಕಲು ಮೊಬೈಲ್ ಕಂಪನಿಗಳಿಗೆ ಜಾಗ ಬಿಟ್ಟಿದ್ದಾರೆಯೇ ಎಂದು ಬಿಲ್ಡರನ್ನು ಕೇಳಿ, ನಿಮ್ಮದೇ ಫೋನ್ ಹಿಡಿದು ಬೇಸ್‌ಮೆಂಟಿನಿಂದ ಒಳಗಿನ ಮಲಗುವ ಕೋಣೆಯವರೆಗೂ ಡಿಬಿಎಂ ನೋಡುತ್ತ ಒಮ್ಮೆ ನಡೆದುಬನ್ನಿ.