ಬಾಲವನದಲ್ಲಿ ಟೀಚರ್ ಕೇಳಿದ ಪ್ರಶ್ನೆ

"ಕೂತಿರಲಿಕ್ಕೆ ಮನೆಯಲ್ಲಿ ಜಾಗ ಇಲ್ವಾ ಮಾರಾಯ್ರೆ?" ಎಂದು ಟೀಚರ್ ನನ್ನನ್ನು ಕೇಳಿ ಇಂದಿಗೆ ನಾಲ್ಕು ದಿನವಾಯಿತು. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಹಿರಿಯರ ಕೂಟದ 22 ಮಂದಿ ಮಂಗಳೂರಿನಿಂದ ಪುತ್ತೂರಿನ ಬಾಲವನಕ್ಕೆ, ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಮನೆಯನ್ನು ನೋಡಲು ಹೊರಟಿದ್ದೆವು. ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದು ಬಸ್ಸು ಹತ್ತುವಷ್ಟರಲ್ಲಿ ಟೀಚರ ಮಗನಿಂದ ನನಗೆ ಮೂರನೆಯ ಫೋನು ಬಂದಿತ್ತು: ಅಮ್ಮನಿಗೆ 81 ವರ್ಷ, ಹೆಚ್ಚು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ಮಗ ಕೆಟ್ಟವನಲ್ಲ, ತಾಯಿಯ ಔಷಧಿಯ ಹೊತ್ತು ಒಂದು ದಿನವೂ ತಪ್ಪಿಸದವನು; ಆದರೆ ಜೋಪಾನ ಮಾಡುವುದೆಂದರೆ ಅಲ್ಲಾಡದಂತೆ ಇಡುವುದು ಎಂದು ಅವನೂ ತಿಳಿದಿದ್ದ, ಆ ದಿನ ನಾನೂ ಹಾಗೆಯೇ ತಿಳಿದಿದ್ದೆ. ಆದ್ದರಿಂದಲೇ ಬಾಲವನದ ಮುಂದೆ ಬಸ್ಸು ನಿಂತಾಗ, "ಟೀಚರ್, ನೀವು ಇಲ್ಲೇ ಕೂತಿರಿ, ನಾನು ಫೋಟೋ ತೆಗೆದು ತಂದು ತೋರಿಸುತ್ತೇನೆ" ಎಂದೆ. ಅವರು ಆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ, ಊರುಗೋಲನ್ನು ಮೊದಲು ನೆಲಕ್ಕೆ ಊರಿ ಇಳಿದೇ ಬಿಟ್ಟರು.

ಕಾರಂತರ ಮನೆಯಲ್ಲಿ ಹೆಚ್ಚಿನವರು ಬೇಗ ಬೇಗ ನೋಡಿ ಮುಗಿಸಿದರು. ಒಬ್ಬರು ಗೋಡೆಯ ಚಿತ್ರಗಳತ್ತ ಕಣ್ಣೂ ಹಾಯಿಸದೆ ಊಟದ ಹೊತ್ತು ಕೇಳುತ್ತಿದ್ದುದು ನನಗೆ ಸರಿಕಾಣಲಿಲ್ಲ. ಟೀಚರ್ ಮಾತ್ರ ನಾಟ್ಯಶಾಲೆಯ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಹೋಗಿ, ಊರುಗೋಲನ್ನು ಗೋಡೆಗೆ ಒರಗಿಸಿ, ಒಂದು ಕೈಯಿಂದ ಕಿಟಕಿಯನ್ನು ಹಿಡಿದುಕೊಂಡರು. ಮೊಣಕಾಲಿನ ಪಟ್ಟಿ ಸೀರೆಯ ಅಂಚಿನಡಿಯಲ್ಲಿ ಕಾಣುತ್ತಿತ್ತು. ಬಲಗಾಲಿನ ಹಿಮ್ಮಡಿ ಮೆಲ್ಲನೆ ಎದ್ದು ನೆಲಕ್ಕೆ ತಾಗಿತು, ಮತ್ತೆ ಎದ್ದಿತು. ಚಿಕ್ಕಂದಿನಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಬೆಳಗ್ಗೆ ಹಟ್ಟಿಯ ಹಿಂದೆ ಯಾರಿಗೂ ಕಾಣದಂತೆ ಕುಣಿಯುತ್ತಿದ್ದರಂತೆ; ಹೆಣ್ಣುಮಕ್ಕಳಿಗೆ ವೇಷ ಯಾಕೆಂದು ಮನೆಯಲ್ಲಿ ಅದನ್ನು ನಿಲ್ಲಿಸಿದರಂತೆ. "ಗಿರಕಿ ಹೊಡೆಯುವ ಧೀಂಗಿಣ ಇನ್ನು ಆಗಲಿಕ್ಕಿಲ್ಲ, ತಾಳ ಮಾತ್ರ ಮರೆತುಹೋಗಲಿಲ್ಲ" ಎಂದರು. ಹತ್ತು ವರ್ಷಗಳ ಪರಿಚಯದಲ್ಲಿ ಇದನ್ನು ನಾನು ಕೇಳಿಯೇ ಇರಲಿಲ್ಲ, ಏಕೆಂದರೆ ನಾನು ಅವರ ಬಳಿ ಮಂಡಿನೋವಿನ ಹೊರತು ಬೇರೇನನ್ನೂ ವಿಚಾರಿಸಿರಲಿಲ್ಲ.

ಕಾರಂತರ ಯಕ್ಷಗಾನದ ಸಂಶೋಧನೆಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅದೇ ಮನುಷ್ಯ 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೆತ್ತಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. ಅಂಥವರ ಅಂಗಳದಲ್ಲಿ ನಿಂತು, ಅವರ ಆ ವಯಸ್ಸಿಗಿಂತ ಆರು ವರ್ಷ ಚಿಕ್ಕವರಾದ ಹೆಂಗಸಿಗೆ ಬಸ್ಸಿನಲ್ಲೇ ಕೂರಲು ಹೇಳಿದ್ದೆನಲ್ಲ ಎಂಬ ಸಂಕಟ ನನಗೆ ಊಟದ ಹೊತ್ತಿಗೂ ಇಳಿಯಲಿಲ್ಲ. ಬಿದ್ದಿದ್ದರೆ ಏನು ಗತಿ ಎಂಬ ಭಯವೂ ಸುಳ್ಳಲ್ಲ. ಆದರೆ ಅವರಿಗೆ ತೋಳು ಕೊಡುವುದು ನನ್ನಿಂದ ಆಗುವ ಕೆಲಸವಾಗಿತ್ತು. ಅದನ್ನು ಬಿಟ್ಟು ಫೋಟೋ ಕೊಡಲು ಹೊರಟಿದ್ದೆ.

ಹಿಂತಿರುಗುವಾಗ ಮಗನ ಫೋನು ಮತ್ತೆ ಬಂತು. ಅಮ್ಮ ಮೆಟ್ಟಿಲು ಹತ್ತಲಿಲ್ಲವಲ್ಲ ಎಂದು ಕೇಳಿದ. ನಾನು ಫೋನನ್ನು ಟೀಚರ ಕೈಗೆ ಕೊಟ್ಟೆ. "ಹತ್ತಿದ್ದೂ ಆಯಿತು, ಇಳಿದದ್ದೂ ಆಯಿತು. ಬಸ್ಸು ಮಾಣಿ ಪೇಟೆ ದಾಟಿತು, ಗಂಜಿಗೆ ಇಡು" ಎಂದು ಅವರು ಫೋನನ್ನು ನನಗೆ ಹಿಂದಿರುಗಿಸಿದರು.