ಎರಡು ಸೆಂಟಿಮೀಟರ್

ಹಿಂದಿನ ರಾತ್ರಿ ಎಂಟು ಗಂಟೆಗೇ ನೀರು ಕುಡಿಯುವುದನ್ನು ನಿಲ್ಲಿಸಿದ್ದೆ. ಸಾಗರದಿಂದ ಬೆಂಗಳೂರಿಗೆ ರಾತ್ರಿ ರೈಲು. ನಮಗೆ ಸಿಕ್ಕ ಸ್ಲೀಪರ್ ಬೋಗಿಯ ಟಾಯ್ಲೆಟ್ ಬಾಗಿಲಲ್ಲಿ ನನ್ನ ವೀಲ್‌ಚೇರ್ ಹಾಗಿರಲಿ, ನನ್ನನ್ನು ಎತ್ತಿಕೊಂಡ ಅಕ್ಕನ ಮಗ ಕೂಡ ಅಡ್ಡಡ್ಡ ತಿರುಗಿಯೇ ಒಳಗೆ ಹೋಗಬೇಕು. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲಿ ನನ್ನಂಥ ಸುಮಾರು ಜನರಿಗೆ ಮೂತ್ರ ಬಂದದ್ದೇ ಗೊತ್ತಾಗುವುದಿಲ್ಲ. ನಾಲ್ಕೈದು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ತೆಗೆಯಬೇಕು, ಅದಕ್ಕೆ ಒಂದು ಚೊಕ್ಕ ಜಾಗ ಬೇಕು. ಜಾಸ್ತಿ ನೀರು ಕುಡಿಯಿರಿ ಅಂತ ಡಾಕ್ಟರ್ ಹೇಳುತ್ತಾರೆ. ಎಲ್ಲಿ ಹೋಗೋದು ಅಂತ ಅವರು ಹೇಳಲ್ಲ. ಅದಕ್ಕೇ ಪ್ರಯಾಣ ಇದ್ದರೆ ನಾವೆಲ್ಲ ಮಾಡುವುದು ಒಂದೇ ಕೆಲಸ, ಬಾಯಿ ಒಣಗಿಸಿಕೊಂಡು ಕೂರುವುದು.

ಹೊರಟಿದ್ದು ರಾಜ್ಯ ಮಟ್ಟದ ಪ್ಯಾರಾ ಅಥ್ಲೆಟಿಕ್ಸ್ ಕೂಟಕ್ಕೆ. ನನ್ನ ಮೊದಲ ಕೂಟ. ಶಾಟ್‌ಪಟ್.

ನಾನು ಆಟಗಾರನೇನೂ ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದೆ, ಅಷ್ಟೇ. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ. ಆಮೇಲೆ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಅಲ್ಲಿದ್ದಾಗ ನೋಡಲು ಬಂದವರೆಲ್ಲ ಒಂದೊಂದು ಸ್ಫೂರ್ತಿಯ ಕಥೆ ತರುತ್ತಿದ್ದರು, ಕಿತ್ತಳೆ ಹಣ್ಣು ತಂದ ಹಾಗೆ. ಅವರು ಹಾಗೆ ಗೆದ್ದರು, ಇವರು ಹೀಗೆ ಎದ್ದು ನಿಂತರು. ಕೇಳಿ ಕೇಳಿ ಸಾಕಾಗಿತ್ತು. ಫಿಸಿಯೋ ಮೇಡಂ, ವೀಲ್‌ಚೇರಿನಲ್ಲೇ ಆಡಿ ಹೆಸರು ಮಾಡಿದ ಅಥ್ಲೀಟ್ ಮಾಲತಿ ಹೊಳ್ಳರ ಹೆಸರು ಎತ್ತಿದಾಗಲೂ ಇನ್ನೊಂದು ಕಿತ್ತಳೆ ಅಂದುಕೊಂಡು ಗೋಡೆ ಕಡೆ ಮುಖ ಮಾಡಿದ್ದೆ.

ಆದರೆ ಅವರು ಪದಕದ ಲೆಕ್ಕ ಹೇಳಲಿಲ್ಲ. ಮಾವಿನಹಣ್ಣಿನ ವಿಷಯ ಹೇಳಿದರು. ಚಿಕ್ಕವಳಿದ್ದಾಗ ಹಿತ್ತಲಲ್ಲಿ ಹಣ್ಣು ಬಿದ್ದರೆ ಎಲ್ಲರಿಗಿಂತ ಮೊದಲು ಓಡಿಹೋಗಿ ಹೆಕ್ಕಬೇಕು ಅಂತ ಆಸೆ ಇತ್ತು ಎಂದು ಮಾಲತಿಯವರೇ ಹೇಳಿಕೊಂಡಿದ್ದಾರಂತೆ. ಇದು ಮಾತ್ರ ನನಗೆ ನಾಟಿತು. ಯಾಕೆಂದರೆ ನಾನೂ ಹಾಸಿಗೆಯಲ್ಲಿ ಮಲಗಿ ನೆನೆಯುತ್ತಿದ್ದುದು ದೊಡ್ಡ ದೊಡ್ಡ ಸಂಗತಿಗಳನ್ನಲ್ಲ. ಮಳೆ ಬಂತು ಅಂದಾಗ ಅಂಗಳದಲ್ಲಿ ಹರವಿದ ಅಡಿಕೆ ಎತ್ತಲು ಓಡುವುದನ್ನು.

ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. 1958ರಲ್ಲಿ ಹುಟ್ಟಿದವರು. ತಂದೆ ಸಣ್ಣ ಹೋಟೆಲ್ ನಡೆಸುತ್ತಿದ್ದರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಜ್ವರ ಬಂದು ಇಡೀ ಮೈ ಸ್ವಾಧೀನ ತಪ್ಪಿತು. ಎರಡು ವರ್ಷ ಕರೆಂಟ್ ಚಿಕಿತ್ಸೆ ಕೊಟ್ಟ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು, ಕೆಳಗಿನದಕ್ಕೆ ಬರಲೇ ಇಲ್ಲ. ಬಾಲ್ಯದ ಹದಿನೈದು ವರ್ಷ ಕಳೆದದ್ದು ಚೆನ್ನೈನ ಒಂದು ಆರೈಕೆ ಕೇಂದ್ರದಲ್ಲಿ, ಅಪ್ಪ ಅಮ್ಮನಿಂದ ದೂರ. ಆದ ಆಪರೇಷನ್‌ಗಳು 30ಕ್ಕೂ ಜಾಸ್ತಿ. ನನಗೆ ಆದದ್ದು ಎರಡು. ಎರಡನೆಯದಕ್ಕೆ ಕರೆದುಕೊಂಡು ಹೋಗುವಾಗ ನಾನು ಮಗುವಿನ ಹಾಗೆ ಅತ್ತಿದ್ದೆ.

ಮುಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸ. ಕೆಲಸದ ಜೊತೆಗೇ ವೀಲ್‌ಚೇರ್ ಓಟ, ಶಾಟ್‌ಪಟ್, ಡಿಸ್ಕಸ್, ಜಾವೆಲಿನ್. 1988ರ ಸೋಲ್ ಪ್ಯಾರಾಲಿಂಪಿಕ್ಸ್, ಆಮೇಲೆ ಬಾರ್ಸಿಲೋನಾ, ಅಥೆನ್ಸ್, ಬೀಜಿಂಗ್. ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಪದಕಗಳು 300ಕ್ಕೂ ಹೆಚ್ಚು. ಪತ್ರಿಕೆಯವರು ಬರೆಯುವುದೂ ಇದನ್ನೇ, ಸನ್ಮಾನದ ವೇದಿಕೆಯಲ್ಲಿ ಓದುವುದೂ ಇದನ್ನೇ. ನನಗೆ ಮಾತ್ರ ಅವರ ಬಗ್ಗೆ ಓದುವಾಗೆಲ್ಲ ಬೇರೆಯದೇ ಪ್ರಶ್ನೆ ಏಳುತ್ತಿತ್ತು. 1988ರಲ್ಲಿ ಸೋಲ್‌ಗೆ ಹೋಗುವಾಗ ನೀರು ಕುಡಿದಿದ್ದರಾ? ಬಸ್ ಹತ್ತಿಸಿದ್ದು ಯಾರು? ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕಿನ ಮೊದಲ ಕಾಯ್ದೆ ಬಂದದ್ದೇ 1995ರಲ್ಲಿ. ಅದಕ್ಕೂ ಏಳು ವರ್ಷ ಮೊದಲು ಈಯಮ್ಮ ದೇಶ ದಾಟಿ ಆಡಿ ಬಂದಿದ್ದಾರೆ. ಆಗ ಇಲ್ಲಿ ರ‍್ಯಾಂಪ್ ಅನ್ನುವ ಮಾತನ್ನಾದರೂ ಯಾರು ಆಡುತ್ತಿದ್ದರೋ.

ಇರಲಿ. ಬೆಂಗಳೂರಿಗೆ ಬೆಳಿಗ್ಗೆ ಬಂದೆವು. ಲಾಡ್ಜ್‌ನವರಿಗೆ ಫೋನಿನಲ್ಲಿ ಎರಡೆರಡು ಸಲ ಕೇಳಿದ್ದೆ, "ವೀಲ್‌ಚೇರ್ ಬರುತ್ತಾ?" "ಬರುತ್ತೆ ಸಾರ್, ಲಿಫ್ಟ್ ಇದೆ" ಅಂದಿದ್ದರು. ಲಿಫ್ಟ್ ಇತ್ತು, ನಿಜ. ಲಿಫ್ಟಿಗೆ ಹೋಗಲು ನಾಲ್ಕು ಮೆಟ್ಟಿಲೂ ಇದ್ದವು. ಬಾತ್‌ರೂಮ್ ಬಾಗಿಲು ಇಪ್ಪತ್ತೆರಡು ಇಂಚು, ನನ್ನ ಚೇರ್ ಇಪ್ಪತ್ತಾರು. ಮಂಚದ ಮೇಲೇ ಬಾಟಲಿ ಇಟ್ಟುಕೊಂಡು ಕೆಲಸ ಮುಗಿಸಿದೆ. ಅರ್ಧ ಲೋಟ ಕಾಫಿ ಕುಡಿದೆ. ನೀರು ಮುಟ್ಟಲಿಲ್ಲ.

ಮೈದಾನದಲ್ಲಿ ಮೊದಲು ವರ್ಗ ನಿರ್ಧಾರ. ಕೂತೇ ಎಸೆಯುವವರಲ್ಲೂ ಯಾರಿಗೆ ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತದೆ, ಯಾರಿಗೆ ಇಲ್ಲ ಅಂತ ನೋಡಿ ಬೇರೆ ಬೇರೆ ಗುಂಪು ಮಾಡುತ್ತಾರೆ. ನನ್ನನ್ನು ಬಗ್ಗಿಸಿ, ತಿರುಗಿಸಿ, ತಳ್ಳಿ ನೋಡಿ ಎಫ್55 ಗುಂಪು ಅಂದರು. ನಾಲ್ಕು ಕಿಲೋ ಗುಂಡು.

ಎಸೆಯುವ ಚೇರ್ ಬೇರೆಯೇ ಇರುತ್ತದೆ. ಅದಕ್ಕೆ ಗಾಲಿ ಇಲ್ಲ. ನನ್ನದನ್ನು ಊರಿನ ಗ್ರಿಲ್ ಅಂಗಡಿಯ ಅಣ್ಣ ಚೌಕ ಪೈಪಿನಲ್ಲಿ ವೆಲ್ಡ್ ಮಾಡಿಕೊಟ್ಟಿದ್ದರು. ಎಡಗಡೆ ಹಿಡಿದುಕೊಳ್ಳಲು ನೆಟ್ಟಗೆ ಒಂದು ಕಂಬಿ, ಮಧ್ಯೆ ಹಲಗೆ, ಅದರ ಮೇಲೆ ನನ್ನ ಕುಶನ್. ಕಿಟಕಿಗೆ ಹೊಡೆಯುವ ಹಸಿರು ಬಣ್ಣವನ್ನೇ ಹೊಡೆದಿದ್ದರು. ದುಡ್ಡು ಕೇಳಿದರೆ ಪೈಪಿನದು ಮಾತ್ರ ಕೊಡು ಅಂದಿದ್ದರು.

ಅಧಿಕಾರಿಯೊಬ್ಬರು ಟೇಪ್ ಹಿಡಿದು ಬಂದರು. ನೆಲದಿಂದ ಸೀಟಿನ ಮೇಲ್ತುದಿಗೆ 75 ಸೆಂಟಿಮೀಟರ್ ಮೀರಬಾರದು, ಅದು ನಿಯಮ. ಅಳೆದರು. ಮತ್ತೊಮ್ಮೆ ಅಳೆದರು.

"77 ಇದೆಯಲ್ರೀ."

"ಇಲ್ಲ ಸಾರ್, ಸರಿಯಾಗಿ ಎಪ್ಪತ್ತೆರಡಕ್ಕೇ ಮಾಡಿಸಿದ್ದು."

"ಕುಶನ್ನೂ ಲೆಕ್ಕಕ್ಕೆ ಬರುತ್ತೆ."

ತಪ್ಪು ನನ್ನದೇ. ಗ್ರಿಲ್ ಅಣ್ಣನಿಗೆ ಅಳತೆ ಕೊಟ್ಟಿದ್ದು ಬರೀ ಹಲಗೆಯವರೆಗೆ. ಕುಶನ್ ಐದು ಸೆಂಟಿಮೀಟರ್ ಅನ್ನುವುದು ತಲೆಗೆ ಹೊಳೆದಿರಲೇ ಇಲ್ಲ. ಕುಶನ್ ತೆಗೆದರೆ ಸರಿಹೋಗುತ್ತೆ ಅಂತ ಪಕ್ಕದಲ್ಲಿದ್ದವರು ಯಾರೋ ಸುಲಭವಾಗಿ ಅಂದರು. ನಮಗೆ ಅದು ಅಷ್ಟು ಸುಲಭವಲ್ಲ. ಕುಂಡೆಯಲ್ಲಿ ಸ್ಪರ್ಶವೇ ಇಲ್ಲದವನು ಬರೀ ಹಲಗೆ ಮೇಲೆ ಕೂತು ಮೈ ಕುಲುಕಿದರೆ ಚರ್ಮ ಉಜ್ಜಿಹೋಗುತ್ತದೆ, ಗಾಯ ಆದದ್ದು ಸಂಜೆ ಬಟ್ಟೆ ತೆಗೆದಾಗಲೇ ಗೊತ್ತಾಗುವುದು. ಆ ಗಾಯ ಮಾಯಲು ತಿಂಗಳುಗಟ್ಟಲೆ ಬೋರಲು ಮಲಗಿದವರನ್ನು ನಾನು ನೋಡಿದ್ದೇನೆ.

ಅಕ್ಕನ ಮಗ ಏನೂ ಮಾತಾಡದೆ ಬ್ಯಾಗಿನಿಂದ ರೈಲಿನಲ್ಲಿ ಹೊದ್ದುಕೊಂಡ ಟರ್ಕಿ ಟವೆಲ್ ತೆಗೆದ. ನಾಲ್ಕು ಮಡಿಕೆ ಮಾಡಿ ಹಲಗೆ ಮೇಲೆ ಹಾಸಿ, ಅಂಚು ಎಲ್ಲೂ ಸುಕ್ಕಾಗದ ಹಾಗೆ ಅಂಗೈಯಲ್ಲಿ ಸವರಿ ಸವರಿ ಸರಿಮಾಡಿದ. ಅವನಿಗೆ ಇಪ್ಪತ್ತು ವರ್ಷ. ಸುಕ್ಕಿನಿಂದಲೂ ಗಾಯ ಆಗುತ್ತೆ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರೋ, ನಾನಂತೂ ಅಲ್ಲ. ಅಧಿಕಾರಿ ಮತ್ತೆ ಅಳೆದು ತಲೆಯಾಡಿಸಿದರು. ಅವರೂ ಒಳ್ಳೆಯವರೇ, ಬೇಕಂತ ಸತಾಯಿಸಲಿಲ್ಲ.

ಆಮೇಲೆ ಕಟ್ಟುವ ಕೆಲಸ. ಚೇರ್ ಅಲುಗಾಡದ ಹಾಗೆ ನಾಲ್ಕೂ ಮೂಲೆಗೆ ಬೆಲ್ಟ್ ಹಾಕಿ ನೆಲದ ಕೊಂಡಿಗಳಿಗೆ ಬಿಗಿಯುತ್ತಾರೆ. ಆಮೇಲೆ ನನ್ನನ್ನು ಚೇರಿಗೆ ಬಿಗಿಯುತ್ತಾರೆ, ತೊಡೆಗೊಂದು, ಸೊಂಟಕ್ಕೊಂದು. ಬೆಲ್ಟ್ ರಬ್ಬರಿನ ಹಾಗೆ ಎಳೆಯುವಂತಿರಬಾರದು. ಒಬ್ಬೊಬ್ಬರನ್ನು ಕಟ್ಟಿ ಬಿಚ್ಚಲು ಇಷ್ಟೊಂದು ಹೊತ್ತು ಹಿಡಿಯುವುದರಿಂದ ನಮ್ಮಲ್ಲಿ ಸರದಿ ಪ್ರಕಾರ ಒಂದೊಂದೇ ಎಸೆಯುವುದಿಲ್ಲ, ಕೂತವನು ತನ್ನ ಎಸೆತಗಳನ್ನೆಲ್ಲ ಒಂದರ ಹಿಂದೆ ಒಂದು ಮುಗಿಸಿಯೇ ಇಳಿಯುತ್ತಾನೆ. ಸುಸ್ತಾಯಿತು ಅನ್ನುವ ಹಾಗಿಲ್ಲ.

ಮೊದಲನೆಯದು ಕೈ ಜಾರಿ ಪಕ್ಕಕ್ಕೆ ಹೋಯಿತು. ಎರಡನೆಯದು ಚೆನ್ನಾಗಿ ಹೋಯಿತು, ಗುಂಡು ಬಿದ್ದ ಸದ್ದು ಕೇಳಿಯೇ ಖುಷಿಯಾಯಿತು. ತಲೆ ಎತ್ತಿದರೆ ಕೆಂಪು ಬಾವುಟ. ಎಸೆಯುವಾಗ ಸೀಟಿನಿಂದ ಮೇಲೆದ್ದಿದ್ದೇನಂತೆ. ನನಗೆ ನಗು ಬಂತು ನೋಡಿ. ಮೂರು ವರ್ಷದಿಂದ ಎದ್ದೇಳಪ್ಪಾ ಎದ್ದೇಳು ಅಂತ ಊರೇ ಹರಕೆ ಹೊತ್ತಿದೆ, ಇಲ್ಲಿ ಎದ್ದೆ ಅಂತ ಫೌಲ್! ಅಧಿಕಾರಿಗೂ ಹೇಳಿದೆ, ಅವರೂ ನಕ್ಕರು, ಬಾವುಟ ಮಾತ್ರ ಕೆಂಪೇ ಇತ್ತು.

ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬಿಸಿಲಿಗೋ ನೀರಿಲ್ಲದ್ದಕ್ಕೋ ಕಣ್ಣ ಮುಂದೆ ಸಣ್ಣ ಸಣ್ಣ ಚುಕ್ಕಿ. ಆಗ ಮತ್ತೆ ಮಾಲತಿಯವರು ನೆನಪಾದರು, ಸ್ಫೂರ್ತಿ ಪಡೆಯಲಿಕ್ಕಲ್ಲ, ಸುಮ್ನೆ ಲೆಕ್ಕಕ್ಕೆ. ನನ್ನದು ಒಂದು ಕೂಟ, ಒಂದು ರಾತ್ರಿ ರೈಲು, ಒಂದು ಲಾಡ್ಜ್. ಅವರದು ಸೋಲ್‌ನಿಂದ ಬೀಜಿಂಗ್‌ವರೆಗೆ ಇಪ್ಪತ್ತು ವರ್ಷ. ಇಷ್ಟನ್ನು ಎಷ್ಟು ಸಲ ಮಾಡಿರಬೇಕು? ಅದರ ಮೇಲೆ ಬ್ಯಾಂಕ್ ಕೆಲಸ, ಸಾಲದ್ದಕ್ಕೆ ಮಾತೃ ಫೌಂಡೇಷನ್ ಅಂತ ಕಟ್ಟಿ ಅಂಗವಿಕಲ ಮಕ್ಕಳನ್ನು ಸಾಕಿದ್ದು. ಆ ಮಕ್ಕಳ ಮನೆಯ ಬಾತ್‌ರೂಮ್ ಬಾಗಿಲು ಅಗಲವಾಗಿಯೇ ಇರುತ್ತದೆ ಬಿಡಿ, ಅಳೆದು ನೋಡಬೇಕಾಗಿಲ್ಲ.

ಮೂರನೆಯದಕ್ಕೆ ಎಡಗೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದು, ಮೈಯನ್ನು ಟವೆಲ್ ಮೇಲೆ ಒತ್ತಿಕೊಂಡು ಎಸೆದೆ. ಬಿಳಿ ಬಾವುಟ. 4.86 ಮೀಟರ್. ಏಳು ಜನರಲ್ಲಿ ಆರನೆಯವನು. ಏಳನೆಯವರಿಗೆ ನನಗಿಂತ ಇಪ್ಪತ್ತು ವರ್ಷ ಜಾಸ್ತಿ ವಯಸ್ಸು.

ಬೆಲ್ಟ್ ಬಿಚ್ಚಿ ಕೆಳಗಿಳಿಸಿದ ಮೇಲೆ ನೆರಳಿಗೆ ಬಂದು ಒಂದು ಲೀಟರ್ ನೀರನ್ನು ಒಂದೇ ಗುಟುಕಿಗೆ ಅನ್ನುವ ಹಾಗೆ ಮುಗಿಸಿದೆ. ಅಕ್ಕನ ಮಗ ನೋಡುತ್ತಾ ನಿಂತಿದ್ದ.

"ಮಾವ, ಇನ್ನರ್ಧ ಗಂಟೆಗೆ ಬೇಕಾಗುತ್ತಲ್ಲ?"

"ಹೂಂ ಮತ್ತೆ."

ಅವನು ಅಧಿಕಾರಿಯ ಹತ್ತಿರ ಹೋಗಿ ಏನೋ ಕೇಳಿದ. ಸೀಟು ಅಳೆದ ಅದೇ ಟೇಪ್ ಇಸಿದುಕೊಂಡು ಗ್ಯಾಲರಿಯ ಕೆಳಗಿನ ಟಾಯ್ಲೆಟ್ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿ ಹೇಳಿದ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ: "ಇಪ್ಪತ್ತೆಂಟು ಇಂಚು ಮಾವಾ! ಆದ್ರೆ ಒಂದು ಮೆಟ್ಲು ಇದೆ!"