ಕಣ್ಣಿಗೆ ಒಂದೇ ಆದ ಸೊಳ್ಳೆಗಳಿಗೆ ಎರಡು ಹೆಸರೇಕೆ?

ಕೀಟಗಳ ವರ್ಗೀಕರಣದ ಬಗ್ಗೆ ಬರೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೂ ಬೇರ್ಪಡಿಸಲಾಗದ ಸೊಳ್ಳೆಗಳನ್ನು ಎರಡು ಪ್ರಭೇದಗಳೆಂದು ಹೆಸರಿಸುವುದು ವಿಜ್ಞಾನಿಗಳ ಹಟವಲ್ಲವೇ? ಅಲ್ಲ ಎಂಬುದು ನನ್ನ ಉತ್ತರ. ಅದಕ್ಕೆ ಆಫ್ರಿಕಾದ ಮಲೇರಿಯಾ ಸೊಳ್ಳೆಯಾದ ಅನಾಫಿಲಿಸ್ ಗ್ಯಾಂಬಿಯೆಯನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳುತ್ತೇನೆ.

1902ರಲ್ಲಿ ಗೈಲ್ಸ್ ಹೆಸರಿಟ್ಟ ಈ ಸೊಳ್ಳೆಯನ್ನು ದಶಕಗಳ ಕಾಲ ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ಬೇರೆ ಬೇರೆ ಕಡೆಯಿಂದ ತಂದ ಸೊಳ್ಳೆಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿದಾಗ ಹುಟ್ಟಿದ ಗಂಡುಗಳಿಗೆ ಸಂತಾನಶಕ್ತಿಯೇ ಇಲ್ಲದಿರುವುದು ಕಂಡುಬಂದ ಮೇಲೆ, 1960ರ ದಶಕದಲ್ಲಿ, ಇದು ಹಲವು ಪ್ರಭೇದಗಳ ಸಂಕೀರ್ಣವೆಂಬುದು ಸ್ಪಷ್ಟವಾಯಿತು. ಅವುಗಳಲ್ಲಿ ಅರೇಬಿಯೆನ್ಸಿಸ್ ಮನುಷ್ಯರ ಜೊತೆಗೆ ದನಗಳನ್ನೂ ಕಚ್ಚುತ್ತದೆ ಮತ್ತು ಎಷ್ಟೋ ಸಲ ಮನೆಯ ಹೊರಗೇ ವಿರಮಿಸುತ್ತದೆ. ಆದ್ದರಿಂದ ಗೋಡೆಗೆ ಔಷಧಿ ಸಿಂಪಡಿಸಿದರೆ ಗ್ಯಾಂಬಿಯೆ ಸಾಯುವಷ್ಟು ಸುಲಭವಾಗಿ ಅದು ಸಾಯುವುದಿಲ್ಲ. ರೂಪದಲ್ಲಿ ಕಾಣದ ಭೇದ ಹೀಗೆ ರೋಗದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ನಿಜವಾದ ತೊಡಕು ಮುಂದಿನದು. ಗ್ಯಾಂಬಿಯೆಯೊಳಗೇ ಎಂ ಮತ್ತು ಎಸ್ ಎಂಬ ಎರಡು ಬಗೆಗಳು ಡಿಎನ್‌ಎ ಪರೀಕ್ಷೆಯಲ್ಲಿ ಪತ್ತೆಯಾದವು. ಎಸ್ ಬಗೆಯ ಮರಿಹುಳುಗಳು ಹೆಚ್ಚಾಗಿ ಮಳೆಯ ಗುಂಡಿಗಳಲ್ಲಿ ಬೆಳೆದರೆ, ಎಂ ಬಗೆಯವು ಭತ್ತದ ಗದ್ದೆಯಂತಹ, ಬಹುಕಾಲ ನಿಲ್ಲುವ ನೀರಿನಲ್ಲಿ ಬೆಳೆಯುತ್ತವೆ. ಸಂಜೆ ಗಂಡುಗಳು ಕೂಟಕ್ಕಾಗಿ ಕಟ್ಟುವ ಹಿಂಡುಗಳೂ ಬಹುಮಟ್ಟಿಗೆ ಬೇರೆ ಬೇರೆ. ಆದರೆ ಪ್ರಯೋಗಾಲಯದಲ್ಲಿ ಇವೆರಡನ್ನೂ ಕೂಡಿಸಿದರೆ ಹುಟ್ಟುವ ಮಿಶ್ರತಳಿಗೆ ಸಂತಾನಶಕ್ತಿ ಇರುತ್ತದೆ. ಹಳೆಯ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಇಷ್ಟಾದರೂ 2013ರಲ್ಲಿ ಮೌರೀನ್ ಕುಟ್ಸೀ ಮತ್ತು ಸಹೋದ್ಯೋಗಿಗಳು ಎಂ ಬಗೆಗೆ, ಇಟಲಿಯ ವಿಜ್ಞಾನಿ ಮಾರಿಯೊ ಕೊಲುಟ್ಸಿಯ ಗೌರವಾರ್ಥ, ಅನಾಫಿಲಿಸ್ ಕೊಲುಟ್ಸಿ ಎಂದು ಹೆಸರಿಟ್ಟರು. ಗ್ಯಾಂಬಿಯೆ ಎಂಬ ಹೆಸರು ಎಸ್ ಬಗೆಗೆ ಉಳಿಯಿತು. ಅದೇ ಪ್ರಬಂಧದಲ್ಲಿ ಇಥಿಯೋಪಿಯಾದ ಇನ್ನೊಂದು ಸೊಳ್ಳೆ ಅಮ್ಹಾರಿಕಸ್ ಆಯಿತು.

ಇದಕ್ಕೆ ಬರುವ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗ್ಯಾಂಬಿಯಾ ಮತ್ತು ಗಿನಿ ಬಿಸ್ಸಾವ್ ಭಾಗದಲ್ಲಿ ಇವೆರಡರ ಮಿಶ್ರತಳಿಗಳು ಸಾಕಷ್ಟು ಸಿಗುತ್ತವೆ. ಕೀಟನಾಶಕವನ್ನು ತಾಳಿಕೊಳ್ಳುವ ಒಂದು ವಂಶವಾಹಿ ಗ್ಯಾಂಬಿಯೆಯಿಂದ ಕೊಲುಟ್ಸಿಗೆ ದಾಟಿಯೂ ಇದೆ. ಆದರೂ ಪಶ್ಚಿಮ ಆಫ್ರಿಕಾದ ಬಹುಭಾಗದಲ್ಲಿ ಒಂದೇ ಹಳ್ಳಿಯಲ್ಲಿದ್ದು ಇವು ಬೆರೆಯದೆ ಉಳಿದಿರುವಾಗ, ನನ್ನ ಮಟ್ಟಿಗೆ ಎರಡು ಹೆಸರು ನ್ಯಾಯವಾದದ್ದೇ. ಪ್ರಭೇದಗಳ ನಡುವೆ ಕಿಂಡಿಯೇ ಇಲ್ಲದ ಗೋಡೆ ಇರಬೇಕೆಂದು ಹಟ ಹಿಡಿದರೆ ಎಷ್ಟೋ ಜೀವಿಗಳ ಹೆಸರನ್ನು ಅಳಿಸಬೇಕಾದೀತು.

ನಮ್ಮ ದೇಶದ ಹಳ್ಳಿಗಳ ಮುಖ್ಯ ಮಲೇರಿಯಾ ವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಸಹ ಇಂತಹ ಸಂಕೀರ್ಣವೇ. ಅದರ ಐದು ಪ್ರಭೇದಗಳನ್ನು ಇಂಗ್ಲಿಷ್ ವರ್ಣಮಾಲೆಯ ಎ, ಬಿ, ಸಿ, ಡಿ, ಇ ಅಕ್ಷರಗಳಿಂದಲೇ ಗುರುತಿಸುತ್ತಾರೆ. ಬಿ ಭಾರತದಲ್ಲಿ ಮಲೇರಿಯಾವನ್ನು ಹರಡುವುದು ತೀರ ಕಡಿಮೆ, ಎ ಹಾಗಲ್ಲ. ಇವಕ್ಕೂ ವಿಧಿವತ್ತಾದ ಹೆಸರು ಸಿಗಬೇಕೆಂಬುದು ನನ್ನ ಅಭಿಪ್ರಾಯ.